ಬಳ್ಳಾರಿ ಬಿಸಿಲಿನಲ್ಲಿ ಓವರ್‌ಕ್ಲಾಕ್

ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಆಟೋ ಮಾಡಿಕೊಂಡು, ಸುಟ್ಟ ವಾಸನೆ ಸಮೇತ ಬಾಗಿಲಿಗೆ ಬರುತ್ತದೆ. ಯುಗಾದಿ ಹತ್ತಿರ ಬಂತು ಅಂದರೆ ಇವತ್ತೊಂದು, ನಾಳೆಯೊಂದು.

ಕೌಲ್‌ಬಜಾರಿನಲ್ಲಿ ನನ್ನ ಅಂಗಡಿ. ಕೌಂಟರಿನಲ್ಲಿ ಹೆಂಗಸು ಕೂತಿದ್ದು ನೋಡಿ ಅರ್ಧ ಜನ ಹೊಸ್ತಿಲಲ್ಲೇ ನಿಂತು, "ಅಣ್ಣಾರು ಇಲ್ಲೇನ್ರಿ?" ಅಂತಾರೆ. "ಅಣ್ಣಾರು ಮನ್ಯಾಗ ರೊಟ್ಟಿ ಬಡಿಯಾಕತ್ತಾರ. ನಿಮ್ದೇನು ಸುಟ್ಟೈತಿ ತೋರಸ್ರಿ" ಅಂತೀನಿ. ಆಮೇಲೆ ಒಳಗೆ ಬರುತ್ತಾರೆ.

ಸುಟ್ಟಿರುವುದು ಬಹಳ ಸಲ ಗ್ರಾಫಿಕ್ಸ್ ಕಾರ್ಡ್. ಆಟ, ವಿಡಿಯೋ ಇವನ್ನೆಲ್ಲ ತೆರೆಯ ಮೇಲೆ ಓಡಿಸುವ ಹಲಗೆ ಅದು. ಇಷ್ಟು ವೇಗದಲ್ಲಿ ಓಡು ಅಂತ ಕಂಪನಿಯವರು ಹೇಳಿ ಕಳಿಸಿರುತ್ತಾರೆ. ಅದಕ್ಕಿಂತ ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ. ಮಾಡಬಾರದು ಅಂತ ನಾನು ಯಾರಿಗೂ ಹೇಳಿಲ್ಲ. ಚೂರುಚೂರೇ ಏರಿಸಿ, ಏರಿಸಿದಾಗೊಮ್ಮೆ ಓಡಿಸಿ ನೋಡಿ, ಬಿಸಿ ಎಂಬತ್ತು ಡಿಗ್ರಿ ಹತ್ತಿರ ಬಂದರೆ ನಿಲ್ಲಿಸಿ, ಗಾಳಿ ಆಡಲು ಬಿಡಿ. ಇಷ್ಟೇ ವಿದ್ಯೆ. ಇದರಲ್ಲಿ ಕಷ್ಟದ್ದು ಒಂದೂ ಇಲ್ಲ. ಆದರೆ "ಚೂರು" ಅನ್ನುವ ಮಾತು ಮಾತ್ರ ನಮ್ಮ ಜಿಲ್ಲೆಯವರ ಕಿವಿಗೆ ಬೀಳುವುದಿಲ್ಲ. ಚಹಾಕ್ಕೆ ಸಕ್ಕರೆ ಚೂರು ಕಮ್ಮಿ ಅಂದರೂ ಬೀಳುವುದಿಲ್ಲ, ಇದಕ್ಕೆ ಬೀಳುತ್ತದೆಯೇ?

ಇಟ್ಟಿದ್ದೇ ಎಳಿಯಾಕ

ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಬಂದ. ಗ್ರಾಫಿಕ್ಸ್ ಕಾರ್ಡನ್ನು ಟವೆಲಿನಲ್ಲಿ ಸುತ್ತಿ ಬಾಣಂತಿ ಮನೆಯಿಂದ ಕೂಸು ತಂದಂತೆ ಎದೆಗವಚಿಕೊಂಡು ತಂದಿದ್ದ. ಟವೆಲ್ ಬಿಚ್ಚಿದೆ. ಒಂದು ಮೂಲೆ ಕರ್ರಗಾಗಿತ್ತು.

"ಏನ್ ಮಾಡ್ದೆಪಾ?"

"ಏನಿಲ್ಲಕ್ಕಾ, ಓವರ್‌ಕ್ಲಾಕ್ ಮಾಡ್ದೆ."

"ಎಷ್ಟು ಏರಿಸ್ದಿ?"

"ಸಾಫ್ಟ್‌ವೇರಿನಾಗ ಒಂದು ಗುಂಡಿ ಇರತೈತಲ್ಲ, ಬಲಕ್ಕ ಎಳಿಯೋದು. ಅದು ಎಲ್ಲಿತನ ಹೋಗತೈತೋ ಅಲ್ಲಿತನ ಎಳದೆ. ವೇಗದ್ದೂ ಎಳದೆ, ಕರೆಂಟಿಂದೂ ಎಳದೆ. ಫ್ಯಾನಿನ ಗುಂಡಿ ಒಂದು ಎಳೀಲಿಲ್ಲ, ಸಪ್ಪಳ ಮಾಡತೈತಿ ಅಂತ."

ಬೈಕಿನ ಎಕ್ಸಲರೇಟರ್ ಪೂರ್ತಿ ತಿರುವಿ, ಸಪ್ಪಳ ಆಗುತ್ತೆ ಅಂತ ಬ್ರೇಕ್ ಬಿಚ್ಚಿಟ್ಟ ಹಾಗಾಯಿತು ಅಂದೆ. ಅವನು ನಕ್ಕ. ಬೈಕನ್ನೂ ಹಾಗೇ ಓಡಿಸುತ್ತಾನೆ ಅಂತ ಆ ನಗುವಿನಲ್ಲೇ ಗೊತ್ತಾಯಿತು.

"ಅಲ್ಲಕ್ಕಾ, ಅಷ್ಟು ದೂರ ಎಳಿಯಾಕ ಜಾಗ ಇಟ್ಟಾರಂದ್ರ, ಇಟ್ಟಿದ್ದೇ ಎಳಿಯಾಕ ಅಲ್ಲೇನು?"

"ನಿಮ್ಮನ್ಯಾಗ ಗ್ಯಾಸಿನ ಒಲಿ ಐತಿಲ್ಲೋ? ಅದರ ಗುಂಡೀನೂ ಪೂರಾ ತಿರುಗತೈತಿ. ಹಂಗಂತ ನಿಮ್ಮವ್ವ ಹಾಲಿಟ್ಟು ಗುಂಡಿ ಪೂರಾ ತಿರುವಿ ಟಿವಿ ನೋಡಾಕ ಹೋಗ್ತಾರೇನು?"

ಅವನು ಟವೆಲ್ ಮಡಚುತ್ತಾ ಬಹಳ ಯೋಚನೆ ಮಾಡಿ ಹೇಳಿದ: "ಹೂಂನಕ್ಕಾ, ದಿನಾ ಹೋಗ್ತಾಳ. ದಿನಾ ಉಕ್ಕತೈತಿ."

ವಂಶದಲ್ಲೇ ಇದ್ದದ್ದನ್ನು ನಾನು ರಿಪೇರಿ ಮಾಡುವುದು ಹೇಗೆ?

ನೀಲಿ ಕೌದಿ

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳು ಓಣಿಗೊಂದಿವೆ. ಅಂಥ ಒಂದು ಯೂನಿಟ್ಟಿನ ಮಾಲೀಕರು ನಮ್ಮ ಗಿರಾಕಿ. ಐವತ್ತು ದಾಟಿದ ದೊಡ್ಡ ಮನುಷ್ಯ. ಲೆಕ್ಕಪತ್ರಕ್ಕೆ ಅಂತ ಹೇಳಿ ಕಂಪ್ಯೂಟರ್ ತಗೊಂಡು, ಅದರಲ್ಲಿ ಇಡೀ ದಿನ ಲಾರಿ ಓಡಿಸುವ ಆಟ ಆಡುತ್ತಾರೆ. ನಿಜವಾದ ಲಾರಿಗಳು ಮಾಲು ತುಂಬಿಸಿಕೊಳ್ಳಲು ಹೊರಗೆ ಹಾರ್ನ್ ಹೊಡೆಯುತ್ತಾ ನಿಂತಿರುತ್ತವೆ. ಇವರು ಒಳಗೆ ಯಾವುದೋ ದೇಶದ ಹಿಮದಲ್ಲಿ ಲಾರಿ ರಿವರ್ಸ್ ತೆಗೆಯುತ್ತಿರುತ್ತಾರೆ.

ಲಾರಿ ನಿಧಾನ ಆಯಿತು ಅಂತ ಯಾರದೋ ಮಾತು ಕೇಳಿ ಕಾರ್ಡನ್ನು ಓವರ್‌ಕ್ಲಾಕ್ ಮಾಡಿಸಿದ್ದರು. ಘಾಟ್ ಹತ್ತುವಾಗ ಕಂಪ್ಯೂಟರೇ ಆಫ್ ಆಗುತ್ತಿತ್ತು. ನನ್ನನ್ನು ಕರೆಸಿದರು.

"ಮೇಡಂ, ಪ್ರತಿ ಸಲ ಅದೇ ತಿರುವಿನಾಗ ನಿಲ್ಲತೈತ್ರಿ. ರೋಡಿನ ದೋಷ ಇರಬೇಕು."

ಕಂಪ್ಯೂಟರ್ ಡಬ್ಬಿ ಎಲ್ಲಿದೆ ಅಂತ ನೋಡಿದರೆ, ಬಟ್ಟೆ ಕತ್ತರಿಸುವ ಟೇಬಲಿನ ಕೆಳಗೆ, ನೆಲದ ಮೇಲೆ. ಸುತ್ತ ಹೊಲಿಗೆ ಯಂತ್ರಗಳು ಗರಗರ ಅಂತಿವೆ. ಗಾಳಿಯಲ್ಲೆಲ್ಲ ಜೀನ್ಸಿನ ನೂಲು, ಧೂಳು. ಡಬ್ಬಿಯ ಪಕ್ಕದ ತಗಡು ತೆಗೆದೆ. ಒಳಗೆ ಕಾರ್ಡೂ ಕಾಣಲಿಲ್ಲ, ಫ್ಯಾನೂ ಕಾಣಲಿಲ್ಲ. ಮೆತ್ತಗೆ, ದಪ್ಪಗೆ, ನೀಲಿ ಕೌದಿ ಹೊದ್ದು ಎಲ್ಲವೂ ಮಲಗಿದ್ದವು. ಒಂದು ತುದಿ ಹಿಡಿದು ಎಳೆದರೆ ಇಡೀದೇ ಎದ್ದು ಬಂತು. ಆ ಅಳತೆಯಲ್ಲಿ ಒಂದು ಕೂಸಿನ ಚಡ್ಡಿ ಆರಾಮಾಗಿ ಆಗುತ್ತಿತ್ತು.

"ನೋಡ್ರಿ ಸಾವಕಾರ್ರೆ, ರೋಡಿನ ದೋಷ. ಈ ಸೆಕೆಯಾಗ ಕೌದಿ ಹೊದಿಸಿ ಓಡು ಓಡು ಅಂದ್ರ ಕಾರ್ಡು ಎಲ್ಲಿ ಓಡಬೇಕು? ತಿಂಗಳಿಗೊಮ್ಮೆ ಧೂಳು ಊದಿಸ್ರಿ, ಡಬ್ಬಿ ಮ್ಯಾಲೆತ್ತಿ ಬ್ಯಾರೆ ರೂಮಿನಾಗ ಇಡ್ರಿ. ನಿಮ್ಮ ಮಾಲೆಲ್ಲಾ ಇದರ ಹೊಟ್ಟ್ಯಾಗ ಐತಿ!"

ಮಾಲೀಕರಿಗೆ ಬಹಳ ಅವಮಾನವಾಯಿತು. ಆ ನೀಲಿ ಮುದ್ದೆಯನ್ನು ನನ್ನ ಕೈಯಿಂದ ತಗೊಂಡರು. ಬೆಳಕಿಗೆ ಹಿಡಿದರು. ಎರಡು ಬೆರಳಲ್ಲಿ ತಿಕ್ಕಿದರು. ಬೆರಳಿಗೆ ಹತ್ತಿದ ಬಣ್ಣ ನೋಡಿ, ಮುಖ ಅರಳಿಸಿಕೊಂಡು ಇಡೀ ಯೂನಿಟ್ಟಿಗೆ ಕೇಳುವ ಹಾಗೆ ಹೇಳಿದರು:

"ಏ, ಇದು ನಮ್ಮ ಮಾಲಲ್ರಿ! ಬಾಜೂದವಂದು. ನಮ್ದು ಬಣ್ಣ ಬಿಡಂಗಿಲ್ಲ!"

ದೋಸೆ ಹಿಟ್ಟು

ಗಾಂಧಿನಗರದ ಒಬ್ಬ ಇನ್ಶೂರೆನ್ಸ್ ಏಜೆಂಟರು. ಊರಿನವರಿಗೆಲ್ಲ ಮುಂದೆ ಬರುವ ಅಪಾಯದ ಬಗ್ಗೆ ಹೇಳುವುದು ಅವರ ಕೆಲಸ. ಅವರ ಸ್ವಂತ ಕಂಪ್ಯೂಟರನ್ನು ಮಾತ್ರ ಗೋಡೆಯ ಕಪಾಟಿನಲ್ಲಿ ತುರುಕಿ, ಹಿಂದೆ ಮುಂದೆ ಗಾಳಿಗೆ ಜಾಗ ಇಲ್ಲದ ಹಾಗೆ ಬಾಗಿಲು ಹಾಕಿ, ಕಾರ್ಡನ್ನು ಮಿತಿ ಮೀರಿ ಏರಿಸಿಟ್ಟಿದ್ದರು. ಅದು ಡಿಸೆಂಬರ್. ನಮ್ಮಲ್ಲಿ ಡಿಸೆಂಬರಿನಲ್ಲಿ ಫ್ಯಾನು ಒಂದು ಪಾಯಿಂಟ್ ಕಮ್ಮಿ ಮಾಡಿ ಅದಕ್ಕೆ ಚಳಿಗಾಲ ಅನ್ನುತ್ತೇವೆ. ಅಂಥಾದ್ದರಲ್ಲೂ ಆ ಕಪಾಟಿನ ಬಾಗಿಲು ತೆಗೆದರೆ ಮುಖಕ್ಕೆ ಆವಿ ಬಡಿಯಿತು.

"ಇದರಾಗ ಕಾರ್ಡು ಇಟ್ಟೀರೋ, ಇಡ್ಲಿ ಬೇಯಿಸಾಕ ಇಟ್ಟೀರೋ?" ಅಂತ ಕೇಳಿದೆ. ಅವರು ಆಚೀಚೆ ನೋಡಿದರು.

ಡಬ್ಬಿ ಹೊರಗೆ ತೆಗೆದು ಕಿಟಕಿ ಹತ್ತಿರ ಇಟ್ಟೆ. ಧೂಳು ಹೊಡೆದೆ. ಕಾರ್ಡಿನ ವೇಗ ಇಳಿಸಿ, ಫ್ಯಾನು ಸರಿಯಾಗಿ ತಿರುಗುವಂತೆ ಮಾಡಿದೆ. ಬಿಸಿ ಎಲ್ಲಿದ್ದದ್ದು ಎಲ್ಲಿಗೆ ಇಳಿಯಿತು! ಏಜೆಂಟರು ಮುಟ್ಟಿ ಮುಟ್ಟಿ ನೋಡಿ ಖುಷಿಪಟ್ಟರು. ನಾನೂ ನನ್ನ ಕೆಲಸಕ್ಕೆ ನಾನೇ ಶಭಾಷ್ ಅಂದುಕೊಂಡು ಬಂದೆ.

ಸ್ವಲ್ಪ ದಿನಕ್ಕೆ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದರು. ಕೈಯಲ್ಲಿ ದೊಡ್ಡ ಸ್ಟೀಲ್ ಪಾತ್ರೆ. ಧಡ್ ಅಂತ ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ದೋಸೆ ಹಿಟ್ಟು.

"ನೀವೇ ಏನು ನಮ್ಮ ಮನಿ ಕಂಪ್ಯೂಟರ್ ರಿಪೇರಿ ಮಾಡಿದೋರು?"

"ಹೌದ್ರಿ. ಯಾಕ, ಮತ್ತ ಬಿಸಿ ಆಗತೈತೇನು?"

"ಬಿಸಿ ಆಗವಲ್ದು! ಅದಕ್ಕ ಬಂದೀನಿ. ಮೊದ್ಲು ಸಂಜಿಮುಂದ ಹಿಟ್ಟು ರುಬ್ಬಿ ಆ ಕಪಾಟಿನಾಗ ಇಟ್ರ ಬೆಳಿಗ್ಗೆ ಪಾತ್ರಿ ತುಂಬಾ ಉಬ್ಬಿ ನಿಲ್ಲತಿತ್ತು. ನೀವು ಬಂದು ಹೋದ ಮ್ಯಾಲೆ ಹಿಟ್ಟು ಇಟ್ಟಂಗ ಐತಿ. ಸುಮ್ನ ಚಂದಾಗಿ ಓಡೋ ಮಷೀನು ಕೆಡಿಸಿ ಹೋಗೀರಿ. ಮೊದ್ಲಿನಂಗ ಮಾಡಿ ಕೊಡ್ರಿ!"

ಬಾಯ್ಲರ್ ಕಂಡವರು

ಇದು ಸಣ್ಣದು. ಕುಡತಿನಿ ಕಡೆಯ ಒಬ್ಬ ಹಿರಿಯರು, ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಕೆಲಸ ಮಾಡಿ ನಿವೃತ್ತರಾದವರು. ಕಂಪ್ಯೂಟರ್ ಡಬ್ಬಿ ತಂದು ಕೌಂಟರಿನ ಮೇಲಿಟ್ಟು, ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು.

"ನನಗ ಬಿಸಿ ಬಗ್ಗೆ ಹೇಳಾಕ ಬರಬ್ಯಾಡಮ್ಮ. ತೊಂಬತ್ತು ಡಿಗ್ರಿ ಅಂತ ಹೆದರ್ತೀರಿ ನೀವು. ಬಾಯ್ಲರ್ ಮುಂದ ತೊಂಬತ್ತು ಅಂದ್ರ ಐಸ್‌ಕ್ರೀಮು. ಆಯುಷ್ಯ ಎಲ್ಲಾ ಅದರ ಮುಂದ ನಿಂತೀನಿ."

"ಬಾಯ್ಲರಿನ ಮಾತು ಬ್ಯಾರೆ ಸರ್. ಅದರಾಗ ನೀರು ಇರತೈತಿ."

ಅವರು ಹೆಮ್ಮೆಯಿಂದ ಡಬ್ಬಿ ತಟ್ಟಿದರು. ಒಳಗೆ ಗುಳುಕ್ ಅಂದಿತು.

"ಅಷ್ಟು ಗೊತ್ತಿಲ್ಲೇನು ನನಗ? ಇದಕ್ಕೂ ಹಾಕೀನಿ."

ತಲೆನೋವಿನ ಮುಲಾಮು

ಸಿರುಗುಪ್ಪದಲ್ಲಿ ಮದುವೆ ವಿಡಿಯೋ ಮಾಡುವ ಸ್ಟುಡಿಯೋದವ ಒಬ್ಬನಿದ್ದಾನೆ. ವಿಡಿಯೋ ಬೇಗ ತಯಾರಾಗಲಿ ಅಂತ ಕಾರ್ಡನ್ನು ಎಳೆಯುವಷ್ಟು ಎಳೆದು ಇಟ್ಟಿದ್ದ. ಒಂದು ದಿನ ಬೆಳಿಗ್ಗೆ ಫೋನು.

"ಅಕ್ಕಾ, ಕೈ ಹಿಡೀಬೇಕು ನೀನು. ಕಾರ್ಡು ತೊಂಬತ್ತು ದಾಟಿ ಕುಂತೈತಿ. ವಿಡಿಯೋ ಅರ್ಧಕ್ಕ ನಿಲ್ಲಾಕತ್ತೈತಿ. ಮದುಮಗಳ ಅಪ್ಪ ಹಚ್ಚೊಳ್ಳಿಯಿಂದ ಬಂದು ನನ್ನ ಮುಂದನ ಕುಂತಾರ."

ವಿಷಯ ಏನಂದರೆ, ಮದುಮಗಳ ಅಜ್ಜಿ ಮದುವೆಯ ಮುಂಚೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಸಾಕಿ ಬೆಳೆಸಿದ ಮೊಮ್ಮಗಳ ಮದುವೆಯನ್ನೇ ನೋಡಿರಲಿಲ್ಲ. ಆವತ್ತು ಮೊಮ್ಮಗಳು ಗಂಡನ ಜೊತೆ ಅವನ ಕೆಲಸದ ಊರಿಗೆ ಹೊರಡುವವಳು. ಹೊರಡುವ ಮುಂಚೆ ಅಜ್ಜಿಯ ಪಕ್ಕ ಕೂತು ಇಬ್ಬರೂ ಮದುವೆ ವಿಡಿಯೋ ನೋಡಬೇಕು ಅಂತ ಮನೆಯವರ ಆಸೆ. ಹಾಸಿಗೆ ಎದುರಿಗೆ ಟಿವಿ ಎತ್ತಿಡಿಸಿ, ವಿಡಿಯೋ ತರಲು ಅಪ್ಪನನ್ನು ಕಳಿಸಿದ್ದರು.

ಕಾರ್ಡಿನ ಚಿಪ್ಪಿಗೂ ಅದರ ಮೇಲಿನ ಲೋಹದ ತಗಡಿಗೂ ನಡುವೆ ಒಂದು ಪೇಸ್ಟ್ ಇರುತ್ತದೆ. ಚಿಪ್ಪಿನ ಬಿಸಿಯನ್ನು ಅದು ಲೋಹಕ್ಕೆ ದಾಟಿಸುತ್ತದೆ, ಫ್ಯಾನು ಹೊರಗೆ ತಳ್ಳುತ್ತದೆ. ಆ ಪೇಸ್ಟ್ ಒಣಗಿದರೆ ಬಿಸಿ ಒಳಗೇ ಉಳಿಯುತ್ತದೆ.

"ಪೇಸ್ಟ್ ಒಣಗಿರಬೇಕು. ನಾನು ತರ್ತೀನಿ. ಬರೋತನ ಏನೂ ಮುಟ್ಟಬ್ಯಾಡ. ಕೈ ಕಟ್ಟಿಕೊಂಡು ಕುಂತ್ಕೋ" ಅಂತ ಹೇಳಿ ಬಸ್ಸು ಹತ್ತಿದೆ.

ಸ್ಟುಡಿಯೋ ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಘಾಟು. ಒಳಗೆ ಹೋದರೆ ಇಡೀ ಕೋಣೆಯೇ ನೆಗಡಿ ಆದವರ ಹಾಸಿಗೆಯ ಹಾಗೆ ನಾರುತ್ತಿತ್ತು. ಮದುಮಗಳ ಅಪ್ಪ ಮೂಲೆಯಲ್ಲಿ ಕುರ್ಚಿ ಮೇಲೆ ಗಂಭೀರವಾಗಿ ಕೂತಿದ್ದರು. ಸ್ಟುಡಿಯೋದವ ಕಂಪ್ಯೂಟರ್ ಮುಂದೆ ಕೂತು ಎರಡೂ ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತಿದ್ದ. ತೆರೆಯ ಮೇಲೆ, ಹೆಣ್ಣು ಒಪ್ಪಿಸುವ ದೃಶ್ಯಕ್ಕೆ ಬಂದು ವಿಡಿಯೋ ನಿಂತಿತ್ತು.

ಅವನನ್ನು ಬಾಗಿಲಾಚೆ ಎಳೆದುಕೊಂಡು ಹೋಗಿ ಕೇಳಿದೆ: "ಏನ್ ಹಚ್ಚಿದ್ಯೋ ಕಾರ್ಡಿಗೆ?"

"ಮುಲಾಮು ಅಕ್ಕಾ. ತಲಿನೋವಿಗೆ ಹಚ್ಕೋತೀವಲ್ಲ, ಅದು."

"ಯಾಕ?"

"ನೀನೇ ಪೇಸ್ಟ್ ಒಣಗೈತಿ ಅಂದಿ. ತಂಪು ಮಾಡೋ ಪೇಸ್ಟು ನನ್ನ ಹತ್ರ ಅದೊಂದೇ ಇತ್ತು. ಹಣಿಗೆ ಹಚ್ಚಿದ್ರ ಎಷ್ಟು ತಣ್ಣಗಾಗತೈತಿ! ನಾನು ಹಚ್ಚಿ ನೋಡೇ ಹಾಕೀನಿ."

ಹಚ್ಚಿ ನೋಡಿದ್ದಾನಂತೆ! ಕಾರ್ಡಿಗೆ ನೆಗಡಿ ಆಗಿದ್ದರೆ ಹಬೆ ಹಿಡಿಸುತ್ತಿದ್ದನೋ ಏನೋ. ಕಾದ ಚಿಪ್ಪಿನ ಮೇಲೆ ಮುಲಾಮು ಕರಗಿ, ಹೊಗೆಯಾಗಿ, ಫ್ಯಾನು ಅದನ್ನು ಸೀದಾ ಅವನ ಕಣ್ಣಿಗೇ ಬೀಸುತ್ತಿತ್ತು. ಬೈಯಲು ಪುರುಸೊತ್ತಿರಲಿಲ್ಲ. ಆಫ್ ಮಾಡಿ, ಕಾರ್ಡು ಬಿಚ್ಚಿ, ಸ್ಪಿರಿಟ್ ಹಚ್ಚಿ ಒರೆಸಿ ಒರೆಸಿ ಕೈ ಸೋತಿತು. ಸರಿಯಾದ ಪೇಸ್ಟ್ ಹಾಕಿದೆ. ಏರಿಸಿದ ವೇಗವನ್ನೆಲ್ಲ ಇಳಿಸಿದೆ. ಎಪ್ಪತ್ತರ ಮೇಲೆ ಹೋಗದ ಹಾಗೆ ಕೂತುಕೊಂಡು ಕಾದೆ. ನಿಧಾನಕ್ಕೆ ಓಡಿಸಿದ್ದಕ್ಕೇ ಮಧ್ಯಾಹ್ನದ ಹೊತ್ತಿಗೆ ವಿಡಿಯೋ ಪೂರ್ತಿ ಬಂತು. ಇದು ಅವನ ತಲೆಗೆ ಹೋಗಿರಲಿಕ್ಕಿಲ್ಲ.

ಮದುಮಗಳ ಅಪ್ಪ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಎದ್ದರು. ಬಾಗಿಲ ತನಕ ಹೋದವರು ತಿರುಗಿ ಬಂದು, ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ ಸ್ಟುಡಿಯೋದವನ ಎರಡೂ ಕೈ ಹಿಡಿದುಕೊಂಡರು.

"ತಮ್ಮಾ, ನಿನ್ನಂಥ ಮನುಷ್ಯನ್ನ ನಾನು ನೋಡಿಲ್ಲಪ್ಪಾ. ಮುಲಾಮು ಹಚ್ಕೊಂಡು ಹಚ್ಕೊಂಡು ಕೆಲಸ ಮಾಡಿದಿ. ನನ್ನ ಮಗಳು ಹೋಗೋದು ನೋಡಿ ಮುಂಜಾಲಿಂದ ಅಳಾಕತ್ತಿ. ಮದುವಿ ದಿನ ನಮ್ಮ ಬೀಗರಾಗ ಒಬ್ಬರ ಕಣ್ಣಾಗೂ ಒಂದು ಹನಿ ಬರಲಿಲ್ಲ ನೋಡು!"

ಕುರುಗೋಡಿನ ಸನ್ಮಾನ

ಕುರುಗೋಡಿನಲ್ಲಿ ಭತ್ತ ಕೊಯ್ಯುವ ದೊಡ್ಡ ಮಷೀನು ಓಡಿಸುತ್ತಿದ್ದ ಒಬ್ಬ, ಆ ಕೆಲಸ ಬಿಟ್ಟು ಕಂಪ್ಯೂಟರ್ ಆಟದ ಸೆಂಟರ್ ತೆಗೆದ. ಹುಡುಗರು ಬಂದು ಆಡಿ ಹೋಗುವ ಜಾಗ. ಅವನ ಮಾವ ಆದೋನಿ ಕಡೆಯವರು, ಹತ್ತಿ ವ್ಯಾಪಾರ, ತೆಲುಗು ಮಾತಾಡುವವರು. ಅಳಿಯ ಹುಚ್ಚಾಟಕ್ಕೆ ಇಳಿದಿದ್ದಾನೆ ಅಂತ ಅವರಿಗೆ ಸಿಟ್ಟು. ಉದ್ಘಾಟನೆಯ ದಿನವೇ ಇದು ನಿಂತುಹೋದರೆ ಮಾರನೇ ದಿನದಿಂದ ಅಳಿಯ ಬಂದು ತಮ್ಮ ಹತ್ತಿ ಅಂಗಡಿಯಲ್ಲಿ ಕೂರಬೇಕು ಅಂತ ಎಲ್ಲರೆದುರು ಮಾತು ತಗೊಂಡಿದ್ದರು. ಅಳಿಯನ ಮುಖ ಆ ದಿನ ನೋಡಬೇಕಿತ್ತು, ಹತ್ತಿಗಿಂತ ಬೆಳ್ಳಗಿತ್ತು.

ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಜೋಡಿಸಿದವಳು ನಾನೇ. ಒಂದನ್ನು ಮಾತ್ರ ದೊಡ್ಡ ತೆರೆಗೆ ಹಚ್ಚಿ ವೇದಿಕೆಯ ಮೇಲಿಟ್ಟಿದ್ದೆ. ಅದರ ಕಾರ್ಡನ್ನು ಓವರ್‌ಕ್ಲಾಕ್ ಮಾಡಿದ್ದೆ. ಸರಿಯಾಗಿ, ಚೂರುಚೂರೇ. ಬಿಸಿ ಎಷ್ಟಿದೆ ಅಂತ ತೆರೆಯ ಮೂಲೆಯಲ್ಲಿ ಕಾಣುವ ಹಾಗೆಯೂ ಮಾಡಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ, ತಗಡಿನ ಸೂರು. ಆದರೂ ಅರವತ್ತೈದರಲ್ಲಿ ತಣ್ಣಗೆ ಕೂತಿತ್ತು. "ಇದರ ಮೈಮ್ಯಾಲೆ ಏನೂ ಹಾಕಬ್ಯಾಡ್ರಿ. ಗಾಳಿ ಆಡಬೇಕು" ಅಂತ ಮಾಲೀಕನಿಗೆ ಹೇಳಿದೆ. ಅವನು ಎಲ್ಲದಕ್ಕೂ ಹೂಂ ಅಂದ.

ಹೂಂ ಅಂದವನು ಮೊದಲು ಡಬ್ಬಿಗೆ ಅರಿಶಿನ ಕುಂಕುಮ ಬಳಿದ. ಹೋಗಲಿ ಅಂದುಕೊಂಡೆ. ಆಮೇಲೆ ಅದರ ನೆತ್ತಿಯ ಮೇಲೆ ತೆಂಗಿನಕಾಯಿ ಒಡೆಯಲು ಎತ್ತಿದ. ಕೈ ಹಿಡಿದು ಮೆಟ್ಟಿಲ ಕಡೆ ತಿರುಗಿಸಿದೆ. ಅಷ್ಟರಲ್ಲಿ ಅವನ ಹೆಂಡತಿ ಡಬ್ಬಿಯ ಮೇಲಿನ ಜಾಲರಿಯ ತೂತುಗಳಿಗೆ ಒಂದೊಂದೇ ಊದಿನಕಡ್ಡಿ ಸಿಗಿಸಿ ಮುಗಿಸಿದ್ದಳು.

"ಅಕ್ಕಾ, ಕಂಪನಿಯವರು ಎಷ್ಟು ಚಂದ ಮಾಡ್ಯಾರ ನೋಡು, ಊದಿನಕಡ್ಡಿಗೇ ಅಂತ ತೂತು ಇಟ್ಟಾರ!"

ಎಲ್ಲವನ್ನೂ ಕಿತ್ತು ಬಾಳೆಹಣ್ಣಿಗೆ ಚುಚ್ಚಿದೆ. ಹಿಂದಿನ ಕೋಣೆಯಲ್ಲಿ ಇನ್ವರ್ಟರಿನ ವೈರು ಸಡಿಲಾಗಿತ್ತು. ಅದನ್ನು ಬಿಗಿ ಮಾಡಲು ಹೋದೆ. ಅಷ್ಟು ಹೊತ್ತು ನಾನು ಅಲ್ಲಿರಲಿಲ್ಲ, ಅಷ್ಟೇ ಸಾಕಾಯಿತು.

ಮುಖ್ಯ ಅತಿಥಿಯಾಗಿ ಊರಿನ ಮುಖಂಡರೊಬ್ಬರು ಬಂದಿದ್ದರು. ಯಾವ ಪಕ್ಷದ ಮುಖಂಡರು ಅಂತ ಆ ವಾರ ಅವರಿಗೂ ಖಾತ್ರಿ ಇರಲಿಲ್ಲ. ಅವರಿಗೊಂದು ಕೆಂಪು ಶಾಲು, ಹಾರ. ಮಾವನವರಿಗೆ ಅಂಥದ್ದೇ ಒಂದು ಶಾಲು. ಮೂರನೆಯದು ಊರಿನ ಹಿರಿಯರೊಬ್ಬರಿಗೆ ಅಂತ ತಂದದ್ದು, ಅವರು ಬಂದಿರಲಿಲ್ಲ. ತಂದ ಶಾಲು ಯಾಕೆ ಸುಮ್ಮನೆ ಇರಬೇಕು ಅಂತ ನಿರೂಪಣೆ ಮಾಡುತ್ತಿದ್ದವನಿಗೆ ಒಂದು ವಿಚಾರ ಹೊಳೆಯಿತಂತೆ. "ಈಗ, ನಮ್ಮೆಲ್ಲರಿಗೂ ಆನಂದ ಕೊಡಲಿರುವ ಕಂಪ್ಯೂಟರಿಗೆ ಸನ್ಮಾನ!" ಅಂದ. ಜನ ಚಪ್ಪಾಳೆ ಹೊಡೆದರು. ಮಾಲೀಕ ಭಕ್ತಿಯಿಂದ ಶಾಲನ್ನು ಡಬ್ಬಿಗೆ ಸುತ್ತಿ, ಹಿಂದೆ ಮುಂದೆ ಎಲ್ಲೂ ಸಂದಿ ಉಳಿಯದ ಹಾಗೆ ಸಿಗಿಸಿ, ಮೇಲೊಂದು ಚೆಂಡುಹೂವಿನ ಹಾರ ಹಾಕಿದ.

ನಾನು ಹೊರಗೆ ಬರುವಾಗ ಮುಖಂಡರ ಭಾಷಣ ಏರಿತ್ತು. ಯುವಜನತೆ ಎದ್ದೇಳಬೇಕು ಅಂತ ಮುಷ್ಟಿ ಗುದ್ದುತ್ತಿದ್ದರು. ಮುಖ ಕೆಂಪಾಗಿ, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವರ ಹಿಂದೆ ದೊಡ್ಡ ತೆರೆಯ ಮೂಲೆಯಲ್ಲಿ ಬಿಸಿಯ ಅಂಕಿ: ಎಂಬತ್ತೆಂಟು. ನೋಡುತ್ತಿದ್ದಂತೆ ತೊಂಬತ್ತು. ಕೆಳಗೆ ನೋಡಿದರೆ ನನ್ನ ಡಬ್ಬಿ ಶಾಲು ಹೊದ್ದು ಹಾರ ಹಾಕಿಕೊಂಡು ಮದುಮಗನ ಹಾಗೆ ಕೂತಿದೆ.

ನಡುವೆ ಜನ ಇಡಿಕಿರಿದಿದ್ದರು. ಬಾಗಿಲಲ್ಲೇ ನಿಂತು ಇದ್ದಬದ್ದ ದನಿಯೆಲ್ಲ ತೆಗೆದು ಕೂಗಿದೆ:

"ಆ ಶಾಲು ಮೊದ್ಲು ಕಿತ್ತು ತೆಗೀರಿ! ಹಾರಾನೂ ತೆಗೀರಿ! ಮೈಯೆಲ್ಲಾ ಕಾದು ಹೋಗೈತಿ! ಇನ್ನೊಂಚೂರು ಬಿಟ್ರ ಬಂದ್ ಆಗಿಬಿಡತೈತಿ!"

ಮಾಲೀಕ ಬೆಚ್ಚಿಬಿದ್ದ. ವೇದಿಕೆಯ ಮೇಲೆ ಯಾರು ಕಾದಿದ್ದಾರೆ ಅಂತ ನೋಡಿದ. ಮುಖಂಡರು ಕಂಡರು. ಒಂದೇ ನೆಗೆತಕ್ಕೆ ಹೋಗಿ ಅವರ ಹೆಗಲಿನ ಶಾಲು ಹಿಡಿದು ಎಳೆದ. ನಿರೂಪಕ ಹಾರ ಕಿತ್ತ. ಯಾರೋ ಅವರನ್ನು ಹಿಡಿದು ಕುರ್ಚಿಗೆ ಕೂರಿಸಿದರು, ಯಾರೋ ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿದರು, ಮಾಲೀಕನ ಹೆಂಡತಿ ಬಾಯಿಗೆ ನೀರಿನ ಬಾಟಲಿ ಇಟ್ಟಳು. ಮುಖಂಡರು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ನೀರು ಹಾಕಿದಳು.

ಅಷ್ಟರಲ್ಲಿ ತೆರೆ ಕಪ್ಪಾಯಿತು. ಮಾವ ಎದ್ದು ನಿಂತರು.

"ಪೋಯಿಂದಾ?" ಅಂದರು. ಹೋಯಿತಾ ಅಂತ. ದನಿಯಲ್ಲಿ ಖುಷಿ ಇತ್ತು.

ನಾನು ಜನರನ್ನು ತಳ್ಳಿಕೊಂಡು ವೇದಿಕೆ ಹತ್ತಿ ಡಬ್ಬಿಯ ಶಾಲು, ಹಾರ ಎರಡನ್ನೂ ಕಿತ್ತೆಸೆದೆ. ಈಗಿನ ಕಾರ್ಡುಗಳಿಗೆ ಅವುಗಳ ಮಾಲೀಕರಿಗಿಂತ ಬುದ್ಧಿ ಹೆಚ್ಚು. ಸುಡುವ ಮೊದಲೇ ತಾವಾಗಿ ನಿಂತುಕೊಳ್ಳುತ್ತವೆ. ಟೇಬಲ್ ಫ್ಯಾನು ತಿರುಗಿಸಿ ಹಿಡಿದೆ. ಕೈ ಇಟ್ಟು ನೋಡಿದೆ. ಸಾಕಷ್ಟು ಆರಿದ ಮೇಲೆ ಗುಂಡಿ ಒತ್ತಿದೆ. ಮಾಲೀಕ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಫ್ಯಾನು ಗುಂಯ್ ಅಂತು, ತೆರೆ ಬೆಳಗಿತು, ಆಟ ಶುರುವಾಯಿತು. ಜನ ಕೇಕೆ ಹಾಕಿದರು. ಮಾಲೀಕನ ಹೆಂಡತಿ ಬಾಟಲಿ ಬಿಟ್ಟು ಗಂಡನ ಕಡೆ ಓಡಿದಳು. ಮಾವ ತೆರೆಯನ್ನು ಒಂದಷ್ಟು ಹೊತ್ತು ನೋಡಿ, ತಮ್ಮ ಶಾಲು ತಾವೇ ಸರಿಮಾಡಿಕೊಂಡು ಕೂತರು. ಹತ್ತಿ ಅಂಗಡಿಯ ಮಾತು ಮತ್ತೆ ಎತ್ತಲಿಲ್ಲ.

ಬಾಟಲಿಯಿಂದ ಬಿಡುಗಡೆಯಾದ ಮುಖಂಡರು ಮಾತ್ರ ಕುರ್ಚಿಯಲ್ಲಿ ಒದ್ದೆಯಾಗಿ, ಬರಿ ಹೆಗಲಲ್ಲಿ ಕೂತಿದ್ದರು. ಮಾಲೀಕನ ಕೈಯಲ್ಲಿದ್ದ ತಮ್ಮ ಶಾಲನ್ನು ನೋಡಿದರು. ಅವನನ್ನು ಹತ್ತಿರ ಕರೆದು ಗುಟ್ಟಿನಲ್ಲಿ ಕೇಳಿದರು. ಮೈಕು ಇನ್ನೂ ಅವರ ಕೈಯಲ್ಲೇ ಇದ್ದದ್ದರಿಂದ ಆ ಗುಟ್ಟು ಬಸ್‌ಸ್ಟ್ಯಾಂಡಿನ ತನಕ ಕೇಳಿಸಿತು:

"ಅಲ್ಲೋ ತಮ್ಮಾ, ಬಾಡಿಗಿ ಶಾಲು ಅಂತ ಮೊದ್ಲೇ ಹೇಳಿದ್ರ ಭಾಷಣ ಜಲ್ದಿ ಮುಗಿಸ್ತಿದ್ನಲ್ಲೋ!"